ಪಡುವಣದ ನೀರನ್ನು ಮೂಡಣಕ್ಕೆ ತಿರುಗಿಸಿದ ಪೆನ್ನಿಕುಯಿಕ್

ಮುಲ್ಲಪೆರಿಯಾರ್ ಎಂದೊಡನೆ ಕೇರಳದಲ್ಲಿ ಬಾಳುವ ನಮಗೆ ನೆನಪಾಗುವುದು ವ್ಯಾಜ್ಯ. ಮಳೆಗಾಲ ಬಂತೆಂದರೆ ಅಲ್ಲಿ ನೀರು ಎಷ್ಟು ಅಡಿಗೆ ಏರಿತೆಂದು ಪತ್ರಿಕೆಯಲ್ಲಿ ಹುಡುಕುತ್ತೇವೆ. ಆದರೆ ಘಟ್ಟದ ಆಚೆ, ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಆ ಅಣೆಕಟ್ಟನ್ನು ಕಟ್ಟಿಸಿದ ಇಂಜಿನಿಯರರ ಪಟ ಮನೆಗಳ ಗೋಡೆಯ ಮೇಲಿದೆ. ಅವರ ಜನ್ಮದಿನವಾದ ಜನವರಿ 15ರಂದು ರೈತರು ಪೊಂಗಲ್ ಇಟ್ಟು ನೆನೆಯುತ್ತಾರೆ. ನಮ್ಮಂತೆಯೇ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಬೇರೆ ಭಾಷೆ ಆಡುವ ಕಪ್ಪಿಲಿಯ ಒಕ್ಕಲು ಮನೆತನಗಳೂ ಆ ಕಣಿವೆಯಲ್ಲಿವೆ. ಆದ್ದರಿಂದ ಈ ಮನುಷ್ಯನ ಬಾಳನ್ನು ನಾವೂ ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಜಾನ್ ಪೆನ್ನಿಕುಯಿಕ್ 1841ರಲ್ಲಿ ಪುಣೆಯಲ್ಲಿ ಹುಟ್ಟಿದರು. ತಂದೆ ಸೈನ್ಯಾಧಿಕಾರಿ. 1849ರಲ್ಲಿ ಪಂಜಾಬಿನ ಚಿಲಿಯನ್‌ವಾಲಾ ಯುದ್ಧದಲ್ಲಿ ತಂದೆಯೂ ಅಣ್ಣನೂ ಒಟ್ಟಿಗೆ ಮಡಿದರು. ಎಂಟು ವರ್ಷದ ಹುಡುಗನ ಕೈಗೆ ಉಳಿದದ್ದು ವಿದ್ಯೆಯೊಂದೇ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಮತ್ತು ಆಡಿಸ್‌ಕೂಂಬ್‌ನಲ್ಲಿ ಕಲಿತು, 1858ರಲ್ಲಿ ಮದ್ರಾಸ್ ಇಂಜಿನಿಯರ್ಸ್ ದಳ ಸೇರಿ, 1860ರಲ್ಲಿ ಮತ್ತೆ ಭಾರತಕ್ಕೆ ಬಂದರು.

ಆಗ ಮಧುರೆಯ ಸೀಮೆಗೆ ವೈಗೈ ನದಿಯೇ ಆಧಾರ. ಅದು ವರ್ಷದಲ್ಲಿ ಹೆಚ್ಚು ಕಾಲ ಬರಿ ಮರಳು. ಘಟ್ಟದ ಈಚೆಗಾದರೋ ಪೆರಿಯಾರ್ ನದಿ ತುಂಬಿ ಹರಿದು ಅರಬೀ ಸಮುದ್ರ ಸೇರುತ್ತಿತ್ತು. ಆ ನೀರನ್ನು ಮೂಡಣಕ್ಕೆ ತಿರುಗಿಸುವ ಯೋಚನೆ ಹಳೆಯದೇ. ಆದರೆ 1808ರಲ್ಲಿ ಸ್ಥಳ ನೋಡಿದ ಅಧಿಕಾರಿ ಅದು ಆಗದ ಕೆಲಸವೆಂದು ಬರೆದಿಟ್ಟಿದ್ದ. 1876–78ರ ಭೀಕರ ಕ್ಷಾಮದಲ್ಲಿ ಜನ ಲಕ್ಷಗಟ್ಟಲೆ ಸತ್ತ ಮೇಲೆ ಸರಕಾರದ ಕಣ್ಣು ತೆರೆಯಿತು. 1882ರಲ್ಲಿ ಯೋಜನೆಯನ್ನು ಹೊಸದಾಗಿ ರೂಪಿಸುವ ಹೊಣೆ ಪೆನ್ನಿಕುಯಿಕ್‌ರಿಗೆ ಬಂತು.

ಅವರ ಉಪಾಯ ಹೇಳಲು ಸುಲಭ, ಮಾಡಲು ಕಠಿಣ. ಕಾಡಿನ ನಡುವೆ ನದಿಗೆ ಕಲ್ಲಿನ ಕಟ್ಟೆ ಹಾಕಿ ನೀರನ್ನು ಮೇಲೆತ್ತುವುದು. ಬೆಟ್ಟದಲ್ಲಿ ಸುಮಾರು 5,700 ಅಡಿ ಉದ್ದದ ಸುರಂಗ ಕೊರೆದು ಅದನ್ನು ಆಚೆ ಇಳಿಸುವುದು. ಗಾರೆಗೆ ಸುಣ್ಣ ಮತ್ತು ಸುರ್ಕಿ. 1887ರಲ್ಲಿ ಕೆಲಸ ಆರಂಭವಾಯಿತು. ಪ್ರವಾಹ ಬಂದು ಕಟ್ಟಿದ್ದನ್ನು ಕೊಚ್ಚಿತು. ಮಲೇರಿಯಾ, ಕಾಲರಾಗಳಿಗೆ ನೂರಾರು ಕೂಲಿಗಳು ಬಲಿಯಾದರು. ಅವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಪೆನ್ನಿಕುಯಿಕ್ ತಮ್ಮ ಆಸ್ತಿಯನ್ನೇ ಮಾರಿ ಕೆಲಸ ಮುಗಿಸಿದರೆಂದು ಕಣಿವೆಯ ಜನ ಹೇಳುವುದುಂಟು. ಅದು ಪ್ರೀತಿಯ ಕಥೆ. ವೆಚ್ಚವಾದದ್ದು ಮದ್ರಾಸ್ ಸರಕಾರದ ಬೊಕ್ಕಸದಿಂದ. 1895ರ ಅಕ್ಟೋಬರ್ 10ರಂದು ಗವರ್ನರ್ ವೆನ್‌ಲಾಕ್ ನೀರು ಬಿಟ್ಟರು.

ಆ ನೀರು ಕಂಬಂ ಕಣಿವೆಯ ಗದ್ದೆಗಳನ್ನು ತಣಿಸಿ, ವೈಗೈ ಸೇರಿ, ದಿಂಡಿಗಲ್ ಜಿಲ್ಲೆಯ ನಿಲಕ್ಕೋಟ್ಟೈ ತಾಲೂಕಿನ ಪೇರಣೈ ಕಟ್ಟೆಯಲ್ಲಿ ಕಾಲುವೆಗೆ ತಿರುಗಿ ಮಧುರೆಯ ಕಡೆಗೆ ಹೋಗುತ್ತದೆ. ನೂರು ವರ್ಷ ಮಿಕ್ಕಿ ಒಂದು ನಾಡಿನ ಹೊಟ್ಟೆ ತುಂಬಿದೆ.

ಆದರೆ ನೀರೊಂದರಿಂದಲೇ ಸೀಮೆ ಬೆಳೆಯಿತೆಂದು ನಾವು ತಿಳಿಯಬಾರದು. ಬೆಳೆದದ್ದನ್ನು ಮಾರಲು ದಾರಿ ಬೇಕು, ಹೊಸದನ್ನು ಬೆಳೆಯಲು ವಿದ್ಯೆ ಬೇಕು. 1928ರಲ್ಲಿ ಬೋಡಿನಾಯಕ್ಕನೂರಿಗೆ ರೈಲು ಬಂತು. ಘಟ್ಟದ ಏಲಕ್ಕಿಗೆ ಆ ಊರು ದೊಡ್ಡ ಪೇಟೆಯಾಯಿತು. 1965ರಲ್ಲಿ ಮಧುರೆಯಲ್ಲಿ ಕೃಷಿ ಕಾಲೇಜು, 1990ರಲ್ಲಿ ಪೆರಿಯಕುಳಂನಲ್ಲಿ ತೋಟಗಾರಿಕೆ ಕಾಲೇಜು ತೆರೆದವು. ಗ್ವಾಟೆಮಾಲದ ಏಲಕ್ಕಿ ಜಗತ್ತಿನ ಪೇಟೆಯಲ್ಲಿ ನಮ್ಮದನ್ನು ಹಿಂದೆ ಹಾಕಿದಾಗ, ಇಡುಕ್ಕಿಯ ರೈತರೊಬ್ಬರು ಆರಿಸಿ ಬೆಳೆಸಿದ ಞಳ್ಳಾನಿ ತಳಿ ಇಳುವರಿಯನ್ನು ಹಲವು ಪಟ್ಟು ಹೆಚ್ಚಿಸಿ ಬೆಳೆಗಾರರ ಕೈ ಹಿಡಿಯಿತು. ಅಡಿಕೆಯ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ಕ್ಯಾಂಪ್ಕೊ ಹುಟ್ಟಿದ್ದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರದೇಶದ ಸರಕು ಯಾವ ಸುಂಕದ ಮೇಲೆ ಒಳಬರುತ್ತದೆ ಎಂಬುದು ನಮ್ಮ ಅಂಗಳದಲ್ಲಿ ಒಣಗುವ ಅಡಿಕೆಯ ಬೆಲೆಯನ್ನು ತೀರ್ಮಾನಿಸುತ್ತದೆ.

ಪೆನ್ನಿಕುಯಿಕ್‌ರ ಬಾಳಿನ ಉತ್ತರಾರ್ಧವೂ ವಿದ್ಯೆಗೇ ಸಂದಿತು. 1896ರಿಂದ 1899ರವರೆಗೆ ಇಂಗ್ಲೆಂಡಿನ ಕೂಪರ್ಸ್ ಹಿಲ್ ಇಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥರಾಗಿದ್ದರು. ಭಾರತದ ಕೆಲಸಕ್ಕೆಂದೇ ಜನರನ್ನು ತಯಾರಿಸುತ್ತಿದ್ದ ಆ ಕಾಲೇಜಿನ ಬಾಗಿಲು ಭಾರತೀಯರಿಗೆ ಮಾತ್ರ ಬಲು ಕಿರಿದಾಗಿತ್ತು. 1911ರ ಮಾರ್ಚ್ 9ರಂದು ಅವರು ತೀರಿಕೊಂಡರು.

ಅವರು ಕಟ್ಟಿದ ಕಟ್ಟೆ ನಿಂತಿದೆ. ಅದರ ಕೆಳಗಿನ ಕರಾರು ಮಾತ್ರ ಮೊದಲಿನಿಂದಲೇ ಬಿರುಕು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನ 8,000 ಎಕರೆಯನ್ನು ಎಕರೆಗೆ 5 ರೂಪಾಯಿ ಗುತ್ತಿಗೆಗೆ, 999 ವರ್ಷಕ್ಕೆ ಬರೆದುಕೊಟ್ಟಿತು. ವರ್ಷಕ್ಕೆ 40,000 ರೂಪಾಯಿ! ಬ್ರಿಟಿಷರ ಅಧೀನದಲ್ಲಿದ್ದ ಅರಸನಿಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಿತ್ತು? 1970ರಲ್ಲಷ್ಟೇ ಗುತ್ತಿಗೆ ಎಕರೆಗೆ 30 ರೂಪಾಯಿಗೆ ಏರಿತು. 2014ರಲ್ಲಿ ಸುಪ್ರೀಂ ಕೋರ್ಟು 142 ಅಡಿಯವರೆಗೆ ನೀರು ನಿಲ್ಲಿಸಲು ಅನುಮತಿ ನೀಡಿತು. ಕಟ್ಟೆಯ ಕೆಳಗೆ ವಾಸಿಸುವ ಇಡುಕ್ಕಿಯವರ ಭಯ ತೀರಿಲ್ಲ; ನೀರು ನಿಂತೀತೆಂಬ ಕಂಬಂ ರೈತನ ಭಯವೂ ತೀರಿಲ್ಲ. ಎರಡೂ ಭಯಗಳು ನಿಜವಾದವೇ.

ಹೊಸ ಉಪಾಯ, ಕಲಿತ ಜನ, ತೆರೆದ ಪೇಟೆ – ಇವು ಮೂರು ಕೂಡಿದರೆ ಬರಡು ನೆಲವೂ ಶತಮಾನ ಕಾಲ ಬೆಳೆಯಬಲ್ಲದು. ಆದರೆ ಕೊಡುವವನಿಗೂ ನ್ಯಾಯವೆನಿಸಿದ ಕರಾರು ಇಲ್ಲದಿದ್ದರೆ ಆ ಬೆಳವಣಿಗೆಯ ಜತೆಗೆ ಜಗಳವೂ ಬೆಳೆಯುತ್ತದೆ. ಗಡಿಯ ಅಂಚಿನಲ್ಲಿ ಬಾಳುವ ನಾವು ಪೆನ್ನಿಕುಯಿಕ್‌ರನ್ನು ನೆನೆಯುವಾಗ ಈ ಎರಡನ್ನೂ ಜತೆಯಾಗಿ ನೆನೆಯಬೇಕು.