ಡಾರ್ವಿನ್ ಫೋಟೊ ತೆಗೆದ ಅಮ್ಮ ಸಿಲೋನ್ ಕಾಫಿ ತೋಟದಲ್ಲಿ ಕೊನೆಯುಸಿರೆಳೆದರು

ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕೈಗೆ ಮೊದಲ ಕ್ಯಾಮೆರಾ ಬಂದಾಗ ಅವರ ವಯಸ್ಸು 48. ಮಗಳು, ಅಳಿಯ ಕೊಟ್ಟ ಉಡುಗೊರೆ ಅದು. ಹುಟ್ಟಿದ್ದು 1815ರಲ್ಲಿ, ನಮ್ಮ ಕಲ್ಕತ್ತದಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿ. ಇಂಗ್ಲೆಂಡಿನ ವೈಟ್ ದ್ವೀಪದ ಮನೆಯಲ್ಲಿ ಕೋಳಿಗೂಡನ್ನೇ ಸ್ಟುಡಿಯೊ ಮಾಡಿಕೊಂಡರು, ಕಲ್ಲಿದ್ದಲು ಕೋಣೆ ಡಾರ್ಕ್‌ರೂಮ್ ಆಯ್ತು.

ಆಗಿನ ಫೋಟೊ ಅಂದ್ರೆ ಈಗಿನ ಹಾಗೆ ಮೊಬೈಲ್ ಒತ್ತಿ ಮುಗಿಸೋ ಕೆಲಸ ಅಲ್ಲ. ಗಾಜಿಗೆ ಕೊಲೋಡಿಯನ್ ಅನ್ನೋ ಅಂಟು ದ್ರಾವಣ ಬಳಿದು, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ, ಒದ್ದೆ ಆರೋದರೊಳಗೆ ಫೋಟೊ ತೆಗೆದು ತೊಳೀಬೇಕು. ಎದುರು ಕೂತವರು ನಿಮಿಷಗಟ್ಟಲೆ ಅಲುಗಾಡೋ ಹಾಗಿಲ್ಲ. ಡಾರ್ವಿನ್, ಕವಿ ಟೆನ್ನಿಸನ್, ಖಗೋಳ ವಿಜ್ಞಾನಿ ಹರ್ಷೆಲ್ ಎಲ್ಲರೂ ಹಾಗೆ ಕೂತವರೇ. ಮನೆಗೆಲಸದ ಮೇರಿ ಹಿಲ್ಲಿಯರ್ ಕೂಡ.

ಗಂಡ ಚಾರ್ಲ್ಸ್ ಹೇ ಕ್ಯಾಮೆರಾನ್‌ಗೆ ಸಿಲೋನಿನಲ್ಲಿ ಕಾಫಿ ತೋಟಗಳಿದ್ದವು. ವಿಚಿತ್ರ ಏನಂದ್ರೆ, ಅಲ್ಲಿ ರಾಜಕಾರ್ಯ ಎಂಬ ಬಿಟ್ಟಿ ಚಾಕರಿ ತೆಗೀಬೇಕು ಅಂತ ಶಿಫಾರಸು ಮಾಡಿದ ಆಯೋಗದಲ್ಲಿ ಇದ್ದವರು ಇದೇ ಚಾರ್ಲ್ಸ್. 1832ರಲ್ಲಿ ಅದು ರದ್ದಾಯ್ತು. ಆಮೇಲೆ ಎದ್ದ ಕಾಫಿ ತೋಟಗಳಿಗೆ ಕೂಲಿಗೆ ಬಂದವರು ತಮಿಳು ಸೀಮೆಯ ಬಡವರು. ಸಮುದ್ರ ದಾಟಿ, ಕಾಡು ದಾರಿಯಲ್ಲಿ ನಡೆದು ಬರುವಾಗ ಕಾಲರಾ ಬಡಿದು ದಾರಿಯಲ್ಲೇ ಸತ್ತವರು ಎಷ್ಟೋ.

1869ರಲ್ಲಿ ಸಿಲೋನ್ ಕಾಫಿಗೆ ಎಲೆ ತುಕ್ಕು ಬಿತ್ತು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಈ ರೋಗದ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. 1875ರಲ್ಲಿ ದಂಪತಿ ಇಂಗ್ಲೆಂಡ್ ಬಿಟ್ಟು ಗಂಟುಮೂಟೆ ಸಮೇತ ಸಿಲೋನಿಗೆ ಹೊರಟರು. ತಮ್ಮ ಶವಪೆಟ್ಟಿಗೆಗಳನ್ನೂ ಹಡಗಿಗೆ ಹಾಕಿಕೊಂಡಿದ್ದರಂತೆ.

ಅಲ್ಲೂ ಕ್ಯಾಮೆರಾ ಬಿಡಲಿಲ್ಲ. ಕಳುತರದ ಮನೆ ಹತ್ತಿರ ಊರಿನವರನ್ನ, ಕೂಲಿಗಳನ್ನ ನಿಲ್ಲಿಸಿ ಫೋಟೊ ತೆಗೆದರು. ಉಳಿದಿರೋದು 30ಕ್ಕೂ ಕಡಿಮೆ. ದುಡಿಮೆಯ ಬೆವರು ಇವುಗಳಲ್ಲಿ ಹುಡುಕಿದರೆ ಸಿಗೋದು ಕಷ್ಟ, ಎಲ್ಲ ಪೋಸ್ ಕೊಟ್ಟು ನಿಂತದ್ದೇ. ಆದರೆ ಆ ಮುಖಗಳು ನಗೋದಿಲ್ಲ, ನೇರ ನಮ್ಮನ್ನೇ ನೋಡ್ತವೆ. ಇಂಗ್ಲೆಂಡಿನ ಕೆಲಸದಾಕೆಯ ಹೆಸರು ಇವತ್ತಿಗೂ ಗೊತ್ತು. ಇವರದ್ದು ಹುಡುಗಿ, ರೈತರ ಗುಂಪು ಅಂತ ಶೀರ್ಷಿಕೆ ಅಷ್ಟೇ.

1879ರ ಜನವರಿ 26ರಂದು ದಿಕೋಯ ಕಣಿವೆಯ ಗ್ಲೆನ್‌ಕೇರ್ನ್ ತೋಟದಲ್ಲಿ ಜೂಲಿಯಾ ತೀರಿಕೊಂಡರು. ಮರುವರ್ಷ ಗಂಡನೂ ಹೋದರು. ಬೋಗವಂತಲಾವದ ಚರ್ಚ್ ಅಂಗಳದಲ್ಲಿ ಇಬ್ಬರ ಸಮಾಧಿ ಇದೆ. ಆ ಬೆಟ್ಟಗಳಲ್ಲಿ ಕಾಫಿ ಹೋಗಿ ಚಹಾ ಬಂತು. ಎಲೆ ಕೀಳ್ತಿರೋದು ಈಗಲೂ ಅದೇ ತಮಿಳು ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು.