ಹುಲಿಯಂತಿದ್ದರೂ ಹುಲಿಯ ವಂಶವಲ್ಲ: ‘ಹುಸಿ ಬೆಕ್ಕು’ ಪತ್ತೆ ಮಾಡಿದ ಎಡ್ವರ್ಡ್ ಕೋಪ್ ಬದುಕು

ಕತ್ತಿಯಂಥ ಕೋರೆಹಲ್ಲು, ಚಿರತೆಯಂಥ ಮೈಕಟ್ಟು. ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಈ ಪ್ರಾಣಿಯನ್ನು ಯಾರು ನೋಡಿದರೂ ಬೆಕ್ಕಿನ ಜಾತಿ ಎಂದೇ ಹೇಳುತ್ತಿದ್ದರು. ಆದರೆ ಇದು ಹುಲಿ, ಸಿಂಹ, ಬೆಕ್ಕುಗಳ ಕುಟುಂಬದ್ದಲ್ಲ ಎಂದು 1880ರಲ್ಲೇ ಗುರುತಿಸಿದವರು ಅಮೆರಿಕದ ಪಳೆಯುಳಿಕೆ ತಜ್ಞ ಎಡ್ವರ್ಡ್ ಡ್ರಿಂಕರ್ ಕೋಪ್.

ಕೋಪ್ ಹುಟ್ಟಿದ್ದು 1840ರ ಜುಲೈ 28ರಂದು, ಫಿಲಡೆಲ್ಫಿಯಾದ ಶ್ರೀಮಂತ ಕ್ವೇಕರ್ ಕುಟುಂಬದಲ್ಲಿ. ಮಗ ಬೇಸಾಯಗಾರನಾಗಲಿ ಎಂಬುದು ತಂದೆಯ ಆಸೆ. ಮಗನ ಮನಸ್ಸು ಮಾತ್ರ ಪ್ರಾಣಿಗಳ ಮೇಲೆ. ಹದಿನೆಂಟರ ಹರೆಯದಲ್ಲೇ ಮೊದಲ ಸಂಶೋಧನಾ ಲೇಖನ ಸಿದ್ಧವಾಗಿತ್ತು.

ಅವಸರ ಅವರ ದೊಡ್ಡ ದೌರ್ಬಲ್ಯ. ಎಲಾಸ್ಮೊಸಾರಸ್ ಎಂಬ ಕಡಲ ಸರೀಸೃಪದ ಅಸ್ಥಿಪಂಜರ ಜೋಡಿಸುವಾಗ ತಲೆಯನ್ನು ಬಾಲದ ತುದಿಗೆ ಇಟ್ಟರು. ತಪ್ಪು ಬಯಲಾದಾಗ ಅಚ್ಚಾಗಿದ್ದ ಪ್ರತಿಗಳನ್ನು ವಾಪಸ್ ತರಿಸಲು ಪರದಾಡಿದರು. ಪ್ರತಿಸ್ಪರ್ಧಿ ಒಥ್ನೀಲ್ ಮಾರ್ಷ್ ಇದನ್ನು ಮರೆಯಲು ಬಿಡಲಿಲ್ಲ. ಯಾರು ಮೊದಲು ಎಲುಬು ಅಗೆಯುತ್ತಾರೆ, ಯಾರು ಮೊದಲು ಹೆಸರಿಡುತ್ತಾರೆ ಎಂಬ ಇಬ್ಬರ ಪೈಪೋಟಿ ‘ಎಲುಬಿನ ಸಮರ’ ಎಂದೇ ಹೆಸರಾಯಿತು. 1890ರಲ್ಲಿ ಜಗಳ ಪತ್ರಿಕೆಗಳಿಗೂ ಹಬ್ಬಿತು.

ಇಂಥ ಧಾವಂತದ ನಡುವೆಯೂ ಒಂದು ಕೆಲಸವನ್ನು ಕೋಪ್ ಸೂಕ್ಷ್ಮವಾಗಿ ಮಾಡಿದ್ದರು. ಆರೆಗಾನ್ ರಾಜ್ಯದ ಜಾನ್ ಡೇ ಪ್ರದೇಶದಿಂದ ಬಂದ ತಲೆಬುರುಡೆಗಳಲ್ಲಿ ಅವರು ಹಲ್ಲನ್ನಷ್ಟೇ ನೋಡಲಿಲ್ಲ. ಬುರುಡೆಯ ತಳದಲ್ಲಿ ನರ ಮತ್ತು ರಕ್ತನಾಳಗಳು ಹಾದುಹೋಗುವ ಸಣ್ಣ ರಂಧ್ರಗಳನ್ನು ಗಮನಿಸಿದರು. ಅವು ಇಂದಿನ ಬೆಕ್ಕುಗಳಲ್ಲಿ ಇರುವಂತೆ ಇರಲಿಲ್ಲ. 1879ರಲ್ಲಿ ‘ನಿಮ್ರಾವಸ್’ ಎಂದು ಹೆಸರಿಟ್ಟ ಪ್ರಾಣಿಯನ್ನೂ ಅದರ ಬಂಧುಗಳನ್ನೂ ಮರುವರ್ಷ ‘ನಿಮ್ರಾವಿಡೇ’ ಎಂಬ ಪ್ರತ್ಯೇಕ ಕುಟುಂಬವಾಗಿಸಿದರು. ಇವನ್ನೇ ಈಗ ಹುಸಿ ಕತ್ತಿಹಲ್ಲಿನ ಬೆಕ್ಕುಗಳು ಎನ್ನುತ್ತಾರೆ. ಬೇಟೆಯ ರೀತಿ ಒಂದೇ ಆದಾಗ ಬೇರೆ ಬೇರೆ ವಂಶದ ಪ್ರಾಣಿಗಳಿಗೂ ಒಂದೇ ಬಗೆಯ ಆಯುಧ ಬೆಳೆಯಬಲ್ಲದು ಎಂಬುದಕ್ಕೆ ಇವು ಸಾಕ್ಷಿ.

ತಂದೆಯಿಂದ ಬಂದ ಆಸ್ತಿ ಉತ್ಖನನಕ್ಕೆ ಖರ್ಚಾಯಿತು, ಉಳಿದದ್ದನ್ನು ಬೆಳ್ಳಿ ಗಣಿಗಳ ಹೂಡಿಕೆ ನುಂಗಿತು. ಕೊನೆಗೆ, ಜೀವಮಾನವಿಡೀ ಕೂಡಿಟ್ಟ ಪಳೆಯುಳಿಕೆಗಳ ದೊಡ್ಡ ಭಾಗವನ್ನು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕೆ ಮಾರಬೇಕಾಯಿತು. 1897ರ ಏಪ್ರಿಲ್ 12ರಂದು, 56ನೇ ವಯಸ್ಸಿನಲ್ಲಿ, ಎಲುಬುಗಳ ರಾಶಿಯ ನಡುವೆಯೇ ಅವರು ಕೊನೆಯುಸಿರೆಳೆದರು. ತಮ್ಮ ಅಸ್ಥಿಪಂಜರವನ್ನೂ ವಿಜ್ಞಾನಕ್ಕೆ ಬಿಟ್ಟುಕೊಟ್ಟಿದ್ದರು.

20ನೇ ಶತಮಾನದಲ್ಲಿ ಹಲವು ತಜ್ಞರು ನಿಮ್ರಾವಸ್ ಬಳಗವನ್ನು ಮತ್ತೆ ಬೆಕ್ಕಿನ ಕುಟುಂಬಕ್ಕೇ ಸೇರಿಸಿದರು. ಆದರೆ ಅದೇ ಶತಮಾನದ ಕೊನೆಯ ದಶಕಗಳಲ್ಲಿ, ಕಿವಿಯ ಭಾಗದ ಎಲುಬುಗಳ ಅಧ್ಯಯನ ಕೋಪ್ ಹೇಳಿದ್ದೇ ಸರಿ ಎಂದು ತೋರಿಸಿತು. ಅವಸರದಲ್ಲಿ ಅವರು ಇಟ್ಟ ಎಷ್ಟೋ ಹೆಸರುಗಳು ಬಿದ್ದುಹೋಗಿವೆ. ನಿಮ್ರಾವಿಡೇ ಮಾತ್ರ ಇಂದಿಗೂ ಬಳಕೆಯಲ್ಲಿದೆ.