ವಾಲ್ಡೆಮಾರ್ ಹಾಫ್‌ಕಿನ್: ಲಸಿಕೆ, ಸಂಸ್ಥೆ ಮತ್ತು ನ್ಯಾಯ

ಮುಂಬಯಿಯ ಪರೇಲ್‌ನಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹೆಸರು ಈ ನಗರದ ಕನ್ನಡಿಗರಿಗೆ ಅಪರಿಚಿತವಲ್ಲ. ಆದರೆ ಆ ಹೆಸರಿನ ಹಿಂದಿರುವ ವ್ಯಕ್ತಿಯ ಬಾಳಿನ ಏಳುಬೀಳುಗಳು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ವಾಲ್ಡೆಮಾರ್ ಹಾಫ್‌ಕಿನ್ 1860ರಲ್ಲಿ ಕಪ್ಪು ಸಮುದ್ರದ ದಡದ ಒಡೆಸ್ಸಾದಲ್ಲಿ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ವಿಜ್ಞಾನಿ ಮೆಚ್ನಿಕಾಫ್ ಅವರ ಶಿಷ್ಯರಾಗಿದ್ದ ಇವರಿಗೆ 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದೊರೆತದ್ದು ಗ್ರಂಥಾಲಯ ಸಹಾಯಕನ ಹುದ್ದೆ. 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರಕಾರ ಅವರನ್ನು ಕರೆಸಿಕೊಂಡಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಕಿರಿದಾದ ಸ್ಥಳದಲ್ಲಿ ಮೂರು ತಿಂಗಳು ದುಡಿದು, 1897ರ ಜನವರಿ 10ರಂದು ಹೊಸ ಲಸಿಕೆಯನ್ನು ತಾವೇ ಮೊದಲು ಪಡೆದರು. ಬಳಿಕ ಬೈಕುಲ್ಲಾ ಸೆರೆಮನೆಯಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದವರಿಗೆ ನೀಡಲಾಯಿತು. 1898ರಲ್ಲಿ ಹುಬ್ಬಳ್ಳಿಯ ಜನರೂ ದೊಡ್ಡ ಸಂಖ್ಯೆಯಲ್ಲಿ ಇದನ್ನು ಹಾಕಿಸಿಕೊಂಡರು. 1899ರಲ್ಲಿ ಪರೇಲ್‌ನ ಹಳೆಯ ಸರಕಾರಿ ಭವನದಲ್ಲಿ ಪ್ಲೇಗು ಪ್ರಯೋಗಾಲಯ ನೆಲೆಗೊಂಡಿತು. ಒಬ್ಬನ ಸಾಹಸವಾಗಿದ್ದುದು ಹೀಗೆ ಸಂಸ್ಥೆಯಾಯಿತು.

1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಅಸುನೀಗಿದರು. ತಯಾರಿಕೆಯ ವಿಧಾನವನ್ನು ಬದಲಿಸಿದ್ದರೆಂಬ ಕಾರಣದಿಂದ ಸಂಶಯವು ಪ್ರಯೋಗಾಲಯದ ಮೇಲೆ ಬಿದ್ದು, ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ ಉಳಿದ ಸೀಸೆಗಳಿಂದ ಯಾರಿಗೂ ಕೇಡಾಗಿರಲಿಲ್ಲ. ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯ ಇಕ್ಕಳ ನೆಲಕ್ಕೆ ಬಿದ್ದಿತ್ತೆಂಬ ಸಾಕ್ಷ್ಯವೂ ಇದ್ದಿತು. ರೊನಾಲ್ಡ್ ರಾಸ್ ಮೊದಲಾದ ಹತ್ತು ಜನ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಪತ್ರಿಕೆಯ ಮೂಲಕ ಒಟ್ಟಾಗಿ ದನಿಯೆತ್ತಿದ ಮೇಲೆ ಅವರು ದೋಷಮುಕ್ತರಾದರು. ಮತ್ತೆ ಭಾರತಕ್ಕೆ ಬಂದರಾದರೂ ಮುಂಬಯಿಗಲ್ಲ, ಕಲಕತ್ತೆಗೆ. 1925ರಲ್ಲಿ ಪರೇಲ್‌ನ ಸಂಸ್ಥೆಗೆ ಅವರ ಹೆಸರಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅವರು ನಿಧನರಾದರು.

ರೋಗಾಣುಗಳಿಂದ ಸಮಾಜವನ್ನು ಕಾಯುವ ಕೆಲಸ ಪ್ರತಿಭೆಯೊಂದರಿಂದಲೇ ಆಗುವಂಥದಲ್ಲವೆಂಬುದನ್ನು ಈ ಜೀವನ ಮನಗಾಣಿಸುತ್ತದೆ. ಪ್ರಯೋಗಾಲಯದ ಶುದ್ಧಿ ಹಳ್ಳಿಯಲ್ಲಿ ಸೀಸೆ ತೆರೆಯುವ ಕೈಯವರೆಗೂ ಉಳಿಯಬೇಕು. ತಪ್ಪು ಘಟಿಸಿದಾಗ ಆಪಾದಿತನನ್ನು ಹುಡುಕುವ ಮೊದಲು ಕಾರಣವನ್ನು ಹುಡುಕುವ ವ್ಯವಸ್ಥೆಯಿರಬೇಕು. ಹಾಫ್‌ಕಿನ್‌ರಿಗೆ ಸಂಸ್ಥೆ ಬಹುಬೇಗ ದೊರೆಯಿತು, ನ್ಯಾಯ ತಡವಾಯಿತು. ಆ ತಡವನ್ನು ಕೊನೆಗಾಣಿಸಿದ್ದೂ ಸಮಾನಮನಸ್ಕರ ಸಂಘಟಿತ ಯತ್ನವೇ ಎಂಬುದು ಸ್ಮರಣೀಯ.